ಭವಿತಾಳ ಮನೆಯಲ್ಲಿ ಕನ್ನಡ ಮಾತ್ರ

ಭವಿತಾ ರಾಮಕುಂಜದಿಂದ ಮದುವೆಯಾಗಿ ಐವರ್ನಾಡಿನ ನಮ್ಮ ಪಕ್ಕದ ಮನೆಗೆ ಬಂದಾಗ, ಹೆದರಿಕೆ ಎಂಬುದನ್ನು ತವರಿನಲ್ಲೇ ಬಿಟ್ಟು ಬಂದಿದ್ದಾಳೆ ಎಂದು ನಾವೆಲ್ಲ ತಿಳಿದಿದ್ದೆವು. ಬಚ್ಚಲಿಗೆ ನುಗ್ಗಿದ ಕೇರೆಹಾವನ್ನು ಹಿಡಿಸೂಡಿಯಲ್ಲೇ ಗುಡಿಸಿ ಅಂಗಳ ದಾಟಿಸಿದವಳು ಅವಳು. ಸಹಾಯಕ್ಕೆಂದು ಓಡಿ ಹೋದ ನಾನು ಜಗಲಿಯ ಬೆಂಚು ಹತ್ತಿ ನಿಂತು ಮಾರ್ಗದರ್ಶನ ಮಾಡಿದ್ದೆ.

ಅಂಥವಳು ಮಗನ ಹೆಸರು ಹಿಡಿದು ಕರೆಯಲು ಹೆದರತೊಡಗಿದಳು. ಕರೆದರೆ ಅವನು ತಿರುಗುವುದಿಲ್ಲ. ಕರೆಯದೆ ಇದ್ದರೆ, ಕರೆದಿದ್ದರೆ ತಿರುಗುತ್ತಿದ್ದನೇನೋ ಎಂಬ ಆಸೆಯಾದರೂ ಉಳಿಯುತ್ತದೆ.

ಯತಿನ್‌ಗೆ ಎರಡು ವರ್ಷ ದಾಟಿತ್ತು. ಮೊದಲು ‘ಅಮ್ಮ’ ಎನ್ನುತ್ತಿದ್ದ, ಬೆಕ್ಕನ್ನು ಕಂಡರೆ ‘ಮ್ಯಾಂ’ ಎನ್ನುತ್ತಿದ್ದ. ಬರಬರುತ್ತ ಅದೂ ನಿಂತಿತು. ರಬ್ಬರ್ ಶೀಟು ಒತ್ತುವ ಮೆಷಿನ್ನಿನ ಚಕ್ರ ತಿರುಗುವುದನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದ. “ಇವ ಎಂಜಿನಿಯರೇ ಆಗುದು” ಎಂದು ಅಪ್ಪ ಉದಯ ಹೆಮ್ಮೆಪಡುತ್ತಿದ್ದ.

ಮಾತು ಬಾರದ್ದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ತಾಯಿಯದು ತುಳು, ಅಪ್ಪ ಮತ್ತು ಅಜ್ಜಿ ದೇವಮ್ಮನದು ನಮ್ಮ ಕಡೆಯ ಅರೆಭಾಷೆ, ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗಿಗೆ ಬರುವವರದು ಮಲಯಾಳ, ಟಿವಿಯದು ಕನ್ನಡ, ಮೊಬೈಲಿನದು ಇಂಗ್ಲಿಷ್. ಪಾಪದ ಮಗು ಯಾವುದನ್ನೆಂದು ಹಿಡಿದುಕೊಳ್ಳಬೇಕು? ನನ್ನ ಅಭಿಪ್ರಾಯವನ್ನು ಯಾರೂ ಕೇಳದ್ದರಿಂದ ನಾನೇ ಹೋಗಿ ಕೊಟ್ಟು ಬಂದೆ: “ಒಂದೇ ಭಾಷೆ ಇಟ್ಕೊಳ್ಳಿ ಮಾರಾಯ್ರೆ.”

ಉದಯ ಅದನ್ನು ಕಾನೂನೇ ಮಾಡಿದ. ಮನೆಯಲ್ಲಿ ಕನ್ನಡ ಮಾತ್ರ. ದೇವಮ್ಮನಿಗೆ ಕನ್ನಡವೆಂದರೆ ಶಾಲೆಯಲ್ಲಿ ಕಲಿತದ್ದು. “ಮಗುವೇ, ನೀನು ಅನ್ನವನ್ನು ಉಣ್ಣುವೆಯಾ?” ಎಂದು ಹೆಡ್ಮಾಸ್ಟರರ ಎದುರು ನಿಂತವರಂತೆ ಮೊಮ್ಮಗನನ್ನು ಕೇಳುವರು. ನಾವು ನಗುತ್ತಿದ್ದೆವು. ಕೆಲವು ದಿನಗಳಲ್ಲಿ ಅವರು ಕೇಳುವುದನ್ನೇ ಬಿಟ್ಟರು. ತುಳುವಿನಲ್ಲಿ ಮುದ್ದು ಮಾಡಲು ಬಾಯಿ ತೆರೆದ ಭವಿತಾ ಹಾಗೇ ಮುಚ್ಚಿಕೊಳ್ಳುವಳು. ಮಗು ಮಾತಾಡಲಿ ಎಂದು ಮಾಡಿದ ಕಾನೂನು ದೊಡ್ಡವರ ಬಾಯಿ ಕಟ್ಟಿತು.

“ಡಾಕ್ಟ್ರಿಗೆ ತೋರಿಸುವ” ಎಂದಳು ಭವಿತಾ.

“ಎಂತ ತೋರಿಸುದು? ಜ್ವರ ಉಂಟಾ, ಶೀತ ಉಂಟಾ? ನಾನೂ ತಡವಾಗಿಯೇ ಮಾತಾಡಿದ್ದಂತೆ.”

“ನಿಮ್ಮನ್ನು ಕರೆದ್ರೆ ತಿರುಗಿ ನೋಡ್ತಿದ್ರಂತೆ. ಅತ್ತೆ ಹೇಳಿದ್ದಾರೆ.”

“ಈಗ ನೀನು ಕರೆದ್ರೆ ನಾನೂ ತಿರುಗಿ ನೋಡುದಿಲ್ಲ, ನನ್ನನ್ನೂ ಕರ್ಕೊಂಡು ಹೋಗು” ಎಂದು ಉದಯ ನಕ್ಕ. ಅವಳು ನಗಲಿಲ್ಲ. ಅವನ ನಗುವೂ ಹೆಚ್ಚು ಹೊತ್ತು ಬಾಳಲಿಲ್ಲ.

ಒಂದು ಸಂಜೆ ಯತಿನ್ ಕಾಣಿಸಲಿಲ್ಲ. ಅಂಗಳದಲ್ಲಿಲ್ಲ, ಮೆಷಿನ್ನಿನ ಹತ್ತಿರವೂ ಇಲ್ಲ. ತೋಟದ ಕೆಳಗೆ ಕೆರೆಯಿದೆ. ಉದಯ ಚಪ್ಪಲಿ ಹಾಕದೆ ಅಲ್ಲಿಗೆ ಓಡಿದ. ನಾನೂ ಓಡಿದೆ, ಗೇರುಮರದವರೆಗೆ. ಮುಂದಕ್ಕೆ ಕಾಲು ಬರಲಿಲ್ಲ. ನೀರಿನಲ್ಲಿ ಏನಾದರೂ ಕಂಡರೆ ಎಂದು.

ಮೊದಲು ಎಲ್ಲರೂ ಕಾನೂನಿನ ಪ್ರಕಾರ ಕನ್ನಡದಲ್ಲೇ ಕೂಗಿದರು. ಆಮೇಲೆ ಭವಿತಾ ಎಲ್ಲಿದ್ದೀ ಎಂದು ತುಳುವಿನಲ್ಲೇ ಕಿರುಚಿದಳು. “ಓಲುಲ್ಲ ಮಗಾ? ಓಲುಲ್ಲ?” ದೇವಮ್ಮ ಅರೆಭಾಷೆಯಲ್ಲಿ ಎದೆ ಬಡಿದುಕೊಂಡರು. ಟ್ಯಾಪಿಂಗಿನವನು ಗುಡ್ಡದ ಮೇಲಿನಿಂದ ಮಲಯಾಳದಲ್ಲಿ “ಮೋನೇ, ಮೋನೇ” ಎಂದ. ನಮ್ಮಲ್ಲಿದ್ದ ಭಾಷೆಗಳೆಲ್ಲ ಆ ಸಂಜೆ ಖರ್ಚಾದವು.

ಯತಿನ್ ಅಂಗಳದ ಅಂಚಿನಲ್ಲೇ ಇದ್ದ. ಒಣಗಲು ಹಾಕಿದ ಶೀಟುಗಳ ಮರೆಯಲ್ಲಿ ನಿಂತು, ಅವುಗಳ ನಡುವೆ ಬೆಳಕು ಅಲುಗುವುದನ್ನು ನೋಡುತ್ತಿದ್ದ. ಭವಿತಾ ಇಷ್ಟು ಹೊತ್ತೂ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ನಿಂತು ಕಿರುಚಿದ್ದಳು. ಅವಳು ಅವನನ್ನು ಎತ್ತಿಕೊಳ್ಳಲಿಲ್ಲ. ಅಲ್ಲೇ ನೆಲಕ್ಕೆ ಕುಳಿತಳು.

“ಭಾಷೆಯದ್ದಲ್ಲ ಇದು” ಎಂದಳು. “ನಾಳೆ ಕಾರು ಸಿಗ್ತದಾ?” ಎಂದು ಉದಯ ನನ್ನನ್ನು ಕೇಳಿದ.

ಮರುದಿನ ನನ್ನ ಕಾರಿನಲ್ಲೇ ಪುತ್ತೂರಿಗೆ ಹೋದೆವು. ಡಾಕ್ಟರು ಕಿವಿ ಪರೀಕ್ಷೆ ಮಾಡಿಸಿದರು; ಕಿವಿ ಸರಿಯಿತ್ತು. ಸಮಾಧಾನವಾಗಬೇಕಿತ್ತು. ಭವಿತಾಳ ಮುಖ ಇನ್ನೂ ಬಿಳಿಚಿತು: ಹಾಗಾದರೆ ಅವನಿಗೆ ಕೇಳಿಸುತ್ತಿತ್ತು.

ಡಾಕ್ಟರು ಕಳಿಸಿದ ಇನ್ನೊಂದು ಕೋಣೆಯಲ್ಲಿ ಮಕ್ಕಳಿಗೆ ಮಾತು ಕಲಿಸುವ ಆಸಿಯಾ ಇದ್ದರು. ನೆಲದ ಮೇಲೆ ಕುಳಿತು ಯತಿನ್‌ನನ್ನು ಬಹಳ ಹೊತ್ತು ಗಮನಿಸಿದರು. “ಮನೇಲಿ ಯಾವ ಭಾಷೆ?” ಎಂದರು.

“ಕನ್ನಡ ಮಾತ್ರ ಮೇಡಂ” ಎಂದ ಉದಯ, ಬಹುಮಾನ ನಿರೀಕ್ಷಿಸುವವನಂತೆ.

“ಯಾರು ಹೇಳಿದ್ದು ನಿಮಗೆ?”

ನಾನು ಗೋಡೆಯ ಮೇಲಿದ್ದ ಆನೆಯ ಚಿತ್ರ ನೋಡತೊಡಗಿದೆ.

“ಮನೇಲಿ ಎಷ್ಟು ಭಾಷೆ ಇದ್ರೂ ಮಗುವಿಗೆ ತೊಂದರೆ ಇಲ್ಲ. ನಿಮಗೆ ಯಾವುದು ಬಾಯಿಗೆ ಬರ್ತದೋ ಅದ್ರಲ್ಲೇ ಮಾತಾಡಿ. ಮಾತಾಡುದು ನಿಲ್ಲಿಸ್ಬೇಡಿ. ಬಂದ ಮಾತು ನಿಂತದ್ದು, ಕರೆದ್ರೆ ತಿರುಗದ್ದು ಯಾಕೆ ಅಂತ ಪೂರ್ತಿ ಪರೀಕ್ಷೆಗೆ ಮಂಗಳೂರಿಗೆ ಹೋಗ್ಬೇಕು, ಡಾಕ್ಟ್ರು ಬರ್ಕೊಡ್ತಾರೆ. ಅಷ್ಟರವರೆಗೆ ಸುಮ್ನೆ ಕೂರುದು ಬೇಡ, ಬುಧವಾರದಿಂದ ಇಲ್ಲಿ ಮಾತಿನ ಅಭ್ಯಾಸ ಶುರು ಮಾಡುವ.”

ಭವಿತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು. “ಇವ ನನ್ನನ್ನು ಪುನಃ ಅಮ್ಮ ಅಂತ ಕರೀತಾನಾ?”

“ಅದನ್ನು ಇವತ್ತು ಹೇಳಿದ್ರೆ ಸುಳ್ಳು ಹೇಳಿದ ಹಾಗಾಗ್ತದೆ” ಎಂದರು ಆಸಿಯಾ. “ಆದ್ರೆ ಇವ ಇನ್ನೂ ಸಣ್ಣವ. ಈಗಲೇ ಬಂದದ್ದು ಒಳ್ಳೇದಾಯ್ತು.”

ವಾಪಸು ಬರುವಾಗ ಕಾರಿನಲ್ಲಿ ಯತಿನ್ ಅವಳ ತೊಡೆಯ ಮೇಲೆ ನಿದ್ದೆಹೋದ. ಬೆಳ್ಳಾರೆ ದಾಟಿದ ಮೇಲೆ ಉದಯ ಮೆಲ್ಲನೆ ಕೇಳಿದ, “ಊರಲ್ಲಿ ಕೇಳಿದ್ರೆ ಎಂತ ಹೇಳುದು?”

“ಬುಧವಾರ ಪುತ್ತೂರಿಗೆ ಹೋಗ್ಲಿಕ್ಕುಂಟು ಅಂತ ಹೇಳಿ” ಎಂದಳು ಭವಿತಾ. ಕನ್ನಡಿಯಲ್ಲಿ ನೋಡಿದೆ. ನಿದ್ದೆಯಲ್ಲಿದ್ದ ಮಗುವಿನ ಕಿವಿಯ ಹತ್ತಿರ ಬಾಗಿ ಅವಳು ಮೆಲ್ಲನೆ ತುಳುವಿನಲ್ಲಿ ಮಾತಾಡಿಸುತ್ತಿದ್ದಳು.