ಹುಳು ಮನೆಗೆ ಆಗದ ವಾಸನೆ

ಹೋದ ವಾರ ಚಿಕ್ಕಬಳ್ಳಾಪುರದ ಒಂದು ಲ್ಯಾಬಿಗೆ ಸಕ್ಕರೆ ಪರೀಕ್ಷೆಗೆಂದು ಹೋಗಿದ್ದೆ. ವಯಸ್ಸಾಯಿತು ನೋಡಿ, ಪರೀಕ್ಷೆ ಮಾಡುವವಳಿಗೇ ಈಗ ಪರೀಕ್ಷೆ. ಅಲ್ಲಿನ ಹುಡುಗಿ ಹತ್ತಿಗೆ ಸ್ಪಿರಿಟ್ ಹಾಕಿ ನನ್ನ ತೋಳು ಒರೆಸಿದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕುರ್ಚಿಯಿಂದ ಎದ್ದು ಬಾಗಿಲ ಕಡೆಗೆ ಹೊರಟಿದ್ದೆ. "ಅಯ್ಯೋ ಮೇಡಂ, ಇನ್ನೂ ಸೂಜಿನೇ ಚುಚ್ಚಿಲ್ಲ, ಆಗ್ಲೇ ಹೆದರ್ಕೊಂಡ್ರಾ?" ಎಂದು ಅವಳು ನಕ್ಕಳು. ದಿನವಿಡೀ ಆಸಿಡ್ಡು, ಅಮೋನಿಯಾಗಳ ನಡುವೆ ನಿಂತು ಕೆಮಿಸ್ಟ್ರಿ ಹೇಳುವ ನಾನು ಸ್ಪಿರಿಟ್ಟಿಗೆ ಹೆದರಿದೆ ಎಂದರೆ ಯಾರು ನಂಬುತ್ತಾರೆ? ಅದು ಹೆದರಿಕೆಯಲ್ಲ. ಆ ವಾಸನೆ ಮೈಗೆ ಹತ್ತಿದರೆ ಆಚೆ ಹೋಗಬೇಕು ಎಂಬ ಹಳೆಯ ಅಭ್ಯಾಸ.

ನಮ್ಮೂರು ಕೆಂಚಾರ್ಲಹಳ್ಳಿಯ ಹತ್ತಿರ. ನೀವು ರೇಷ್ಮೆ ಹುಳು ಮೇಯಿಸುವ ಮನೆಯವರಾಗಿದ್ದರೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಅಲ್ಲವಾದರೆ ಸ್ವಲ್ಪ ಕೇಳಿ. ಹುಳುವಿಗೆ ವಾಸನೆ ಆಗದು. ಒಗ್ಗರಣೆಯ ಘಾಟು ಆಗದು, ಸೆಂಟು ಆಗದು, ಬೀಡಿಯಂತೂ ಆಗುವುದೇ ಇಲ್ಲ. ಹೊರಗಿನವರನ್ನು ಹುಳು ಮನೆಯೊಳಕ್ಕೆ ಬಿಡುವುದಿಲ್ಲ. ಎಂಥ ನೆಂಟರೇ ಬರಲಿ, ಕಾಫಿ ಕೊಟ್ಟು ಜಗುಲಿಯಲ್ಲೇ ಕೂರಿಸುತ್ತೇವೆ. ನಮ್ಮಪ್ಪ ಬೀಡಿ ಸೇದುತ್ತಿದ್ದ. ಹಾಗಾಗಿ ಅವನ ರಾಜ್ಯ ತೋಟದಿಂದ ಹುಳು ಮನೆಯ ಹೊಸ್ತಿಲವರೆಗೆ ಮಾತ್ರ. ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದು ಇಳಿಸಿ "ತಗೊಳ್ಳಮ್ಮ ಮಹಾರಾಣಿ" ಎನ್ನುತ್ತಿದ್ದ. "ಮೊದ್ಲು ಆ ಬಾಯಿ ತೊಳ್ಕೊಂಡು ಬಾ" ಎಂದು ಅಮ್ಮ ಒಳಗಿನಿಂದಲೇ ಗದರುತ್ತಿದ್ದಳು. ಒಳಗೆಲ್ಲ ಅವಳದೇ ಆಳ್ವಿಕೆ.

ನಾನು ಚಿಂತಾಮಣಿಯಲ್ಲಿ ಬಿ.ಎಸ್ಸಿ.ಗೆ ಸೇರಿದ ಮೇಲೆ ನನಗೂ ತಡೆ ಬಿತ್ತು. ಕೆಮಿಸ್ಟ್ರಿ ಲ್ಯಾಬ್ ಇದ್ದ ದಿನ ಕೊಳೆತ ಮೊಟ್ಟೆಯಂಥ ಗ್ಯಾಸಿನ ವಾಸನೆ ಜಡೆಯಲ್ಲೇ ಕೂತು ಬಸ್ಸು ಹತ್ತಿ ಮನೆಗೆ ಬರುತ್ತಿತ್ತು. "ಅದೇನು ಓದ್ತೀಯೋ ತಾಯಿ, ಚರಂಡೀಗೆ ಬಿದ್ದೋಳಂಗೆ ಬರ್ತೀಯ" ಎಂದು ಅಮ್ಮ ಮೂಗು ಮುಚ್ಚಿಕೊಳ್ಳುವಳು. ತಲೆಗೆ ಸ್ನಾನ ಮಾಡಿದರೂ ಮಾರನೆಯ ದಿನದವರೆಗೆ ಒಳಗೆ ಸೇರಿಸುತ್ತಿರಲಿಲ್ಲ. ನನಗೇನು, ಹುಳು ಮೇಯುವ ತಟ್ಟೆ ಶುಚಿ ಮಾಡುವ ಕೆಲಸ ತಪ್ಪಿತಲ್ಲ ಎಂದು ಒಳಗೊಳಗೇ ಖುಷಿ. ಕೆಮಿಸ್ಟ್ರಿ ನನಗೆ ಮೊದಲು ಇಷ್ಟವಾದದ್ದೇ ಹಾಗೆ.

ಎರಡನೇ ವರ್ಷದಲ್ಲಿ ಅಮ್ಮನ ಎದೆಯಲ್ಲಿ ಗಡ್ಡೆ ಕಾಣಿಸಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ತಡವಾಗಿ ಬಂದಿದ್ದೀರಿ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು, ಅಪ್ಪ ನನಗೆ ಹೇಳಿದ, ಅಮ್ಮನಿಗೆ ಯಾರೂ ಹೇಳಲಿಲ್ಲ. ಗಾಯ ಬೇಗ ಮಾಯಲೊಲ್ಲದು. ಊರಿನ ನರ್ಸಮ್ಮ ದಿನಾ ಬೆಳಿಗ್ಗೆ ಬಂದು, ಸ್ಪಿರಿಟ್ಟಿನಲ್ಲಿ ಸುತ್ತ ಒರೆಸಿ, ಔಷಧಿ ಹಚ್ಚಿ ಬಟ್ಟೆ ಕಟ್ಟಿ ಹೋಗುತ್ತಿದ್ದರು. ಅಂದಿನಿಂದ ಅಮ್ಮ ತಾನಾಗಿಯೇ ಹುಳು ಮನೆಯಿಂದ ಹೊರಗುಳಿದಳು. ಕಿಟಕಿಯ ಆಚೆ ಚಾಪೆ ಹಾಕಿಕೊಂಡು ಕೂತು, ಒಳಗೆ ಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿದ್ದಳು. ತಾನು ಸಾಕಿದ್ದಕ್ಕೇ ತಾನು ಆಗದವಳಾಗಿ ಕೂರುವುದೆಂದರೇನು ಎಂಬುದು ಆಗ ನನಗೆ ತಿಳಿಯುತ್ತಿರಲಿಲ್ಲ.

ಒಳಗೆ ಹೋಗಬಲ್ಲವಳು ನಾನೊಬ್ಬಳೇ ಉಳಿದೆ. ಕಾಲೇಜು ತಪ್ಪಿತು. ಫಿಸಿಕ್ಸು, ಮ್ಯಾಥ್ಸು ಗೆಳತಿಯರ ನೋಟ್ಸಿನಲ್ಲಿ ಹೇಗೋ ನಡೆಯಿತು. ಕೆಮಿಸ್ಟ್ರಿಯೊಂದು ಕೈಕೊಟ್ಟಿತು. ಲ್ಯಾಬಿಗೆ ಹೋದರೆ ಹುಳು ಕೆಡುತ್ತದೆ, ಹುಳು ನೋಡಿದರೆ ಲ್ಯಾಬ್ ಇಲ್ಲ. ಸಾಲದ್ದಕ್ಕೆ, ಹುಳು ಕೊನೆಯ ಸಲ ಪೊರೆ ಬಿಟ್ಟು ಎದ್ದು ಹೊತ್ತುಹೊತ್ತಿಗೂ ಸೊಪ್ಪು ಬೇಡುವ ವಾರದಲ್ಲೇ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಕೆಮಿಸ್ಟ್ರಿ ಮೇಡಂ ಕರೆದು ಹೇಳಿದರು: "ಈ ಸಲ ಈ ಸಬ್ಜೆಕ್ಟ್ ಬಿಟ್ಬಿಡಮ್ಮ. ಬರ್ದು ಫೇಲಾದ್ರೆ ಫೇಲು ಅಂತ ಬರುತ್ತೆ. ಬರೀದೇ ಇದ್ರೆ ಗೈರುಹಾಜರಿ ಅಷ್ಟೇ. ಮುಂದಿನ ವರ್ಷ ಓದ್ಕೊಂಡು ಬರೆದ್ರಾಯ್ತು." ನನಗೆ ಹಾಯೆನಿಸಿತು. ಅಲ್ಲಿಯವರೆಗೆ ಒಂದರಲ್ಲೂ ಫೇಲಾಗದ ಜಂಬ ನನಗೆ. ಗೈರುಹಾಜರಿ ಎಂದರೆ ಏನೋ ಮದುವೆಗೆ ಹೋಗಿದ್ದಳು ಅನ್ನುವ ಹಾಗಾದರೂ ಇರುತ್ತದಲ್ಲ!

ಮನೆಗೆ ಬಂದು ಸೊಪ್ಪು ಹಾಕುತ್ತಾ ಕಿಟಕಿಯಿಂದಲೇ ಹೇಳಿದೆ. "ಕೆಮಿಸ್ಟ್ರಿ ಬಿಡ್ತೀನಿ ಕಣಮ್ಮ. ಮುಂದಿನ ವರ್ಷ ಬರೀತೀನಿ."

ಆಚೆ ಚಾಪೆ ಸರಿದ ಸದ್ದಾಯಿತು. ಆಮೇಲೆ ಅಮ್ಮ ಅಂದಳು: "ಮುಂದಿನ ವರ್ಷ ನೀನು ಬರೀತೀಯ. ನಾನೆಲ್ಲಿರ್ತೀನಿ?"

ಯಾರೂ ಹೇಳದಿದ್ದದ್ದು ಅವಳಿಗೆ ಗೊತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಅಳಬ್ಯಾಡ, ಕಣ್ಣೀರು ಹುಳದ ಮೇಲೆ ಬಿದ್ದಾತು. ಹೋಗಿ ಬರಿ. ಪಾಸೋ ಫೇಲೋ, ಏನಾದ್ರೂ ಒಂದು ನಾನಿರೋವಾಗ್ಲೇ ಆಗ್ಲಿ."

"ಹುಳಾನ ಯಾರು ನೋಡ್ತಾರಮ್ಮ?"

"ನಿಮ್ಮಪ್ಪ. ಬೀಡಿ ಬಿಟ್ಟು, ತಲೆಗೆ ನೀರು ಹಾಕ್ಕೊಂಡು ಒಳಕ್ಕೋಗು ಅಂತ ಹೇಳಿದ್ದೀನಿ."

ಅಪ್ಪ ಬೀಡಿ ಬಿಡುತ್ತಾನೆ ಎಂದರೆ ನಂಬುವಷ್ಟು ಪೆದ್ದಿ ನಾನು. ಬಿ.ಎಸ್ಸಿ. ಬೇರೆ.

ಪ್ರಾಕ್ಟಿಕಲ್ ಮುಗಿಸಿ ಸಂಜೆ ಬಂದಾಗ ಅಪ್ಪ ಹೊಸ್ತಿಲಾಚೆ ತಲೆ ತಗ್ಗಿಸಿ ಕೂತಿದ್ದ. "ನಾನು ಬ್ಯಾಡ ಅಂದೆ ಕಣಮ್ಮ. ನನ್ನ ಮಾತು ಅವ್ಳು ಯಾವತ್ತು ಕೇಳವ್ಳೆ?" ಎಂದ. ಇಣುಕಿದರೆ ಒಳಗೆ ಅಮ್ಮ! ತಲೆಗೊಂದು ಬಟ್ಟೆ ಸುತ್ತಿಕೊಂಡು, ಆಪರೇಷನ್ ಆದಾಗಿನಿಂದ ಎತ್ತಲಾಗದ ಬಲಗೈಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಎಡಗೈಯಲ್ಲಿ ತಟ್ಟೆ ತಟ್ಟೆಗೂ ಸೊಪ್ಪು ಹರಡುತ್ತಿದ್ದಳು. ಹಿಂದಿನ ದಿನವೇ ನರ್ಸಮ್ಮನನ್ನು ವಾಪಸು ಕಳಿಸಿದ್ದಳಂತೆ. ವಾಸನೆ ಉಳಿಯಬಾರದೆಂದು ಗಾಯವನ್ನು ಬರೀ ನೀರಿನಲ್ಲಿ ತೊಳೆದು, ಹಳೇ ಪಂಚೆ ಹರಿದು ಕಟ್ಟಿಕೊಂಡಿದ್ದಳು.

"ಅಲ್ಲೇ ನಿಲ್ಲು! ಮೈಯೆಲ್ಲಾ ಆ ಗ್ಯಾಸು ವಾಸ್ನೆ."

"ನಿಂಗೇನು ಬುದ್ಧಿ ಕೆಟ್ಟಿದ್ಯೇನಮ್ಮ? ಗಾಯ ಕೀವಾದ್ರೆ ಏನ್ಮಾಡ್ತೀಯ?" ಎಂದು ಕೂಗಿದೆ. ನನಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

"ಕೂಗಾಡಬ್ಯಾಡ. ಚೆನ್ನಾಗಿ ಮಾಡಿದ್ಯಾ?"

ಕಾಯಿಲೆ ಶುರುವಾದ ಮೇಲೆ ಅವಳ ಮುಖದಲ್ಲಿ ಅಂಥ ಕಳೆಯನ್ನು ನಾನು ಕಂಡಿರಲಿಲ್ಲ. ಬಹಳ ದಿನದ ಮೇಲೆ ತವರಿಗೆ ಹೋದವಳ ಹಾಗಿದ್ದಳು. ಹೊಸ್ತಿಲಾಚೆ ಅಪ್ಪ ಒಂದು ಕಡೆ, ನಾನು ಒಂದು ಕಡೆ ನಿಂತು, ಅವಳು ಕೊನೆಯ ತಟ್ಟೆ ಮುಗಿಸುವವರೆಗೂ ನೋಡಿದೆವು. ಬೈಯಲು ಬಂದವಳು ಹೂಂ, ಚೆನ್ನಾಗಿ ಮಾಡಿದೆ ಎಂದೆ.

ಆ ಸಲ ರೇಷ್ಮೆ ಗೂಡು ಚೆನ್ನಾಗಿ ಬಂತು. ಗಾಯ ಕೆಟ್ಟಿತು. ಮತ್ತೆ ಬೆಂಗಳೂರಿಗೆ ಓಡಾಟ. ಥಿಯರಿ ಪರೀಕ್ಷೆಯಲ್ಲಿ ನಾನು ಏನು ಗೀಚಿದೆನೋ ದೇವರಿಗೇ ಗೊತ್ತು. ರಿಸಲ್ಟ್ ಬಂದ ದಿನ ಅಮ್ಮ ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಪಕ್ಕದಲ್ಲಿ ಕೂತು, "ಕೆಮಿಸ್ಟ್ರಿ ಫೇಲು ಕಣಮ್ಮ" ಎಂದೆ.

ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. "ಹೋಗ್ಲಿ ಬಿಡು. ಬೈಯೋಕೆ ನಾನಾದ್ರೂ ಇದ್ದೀನಲ್ಲ" ಅಂದಳು. ಉಸಿರು ಕೂಡಿಸಿಕೊಂಡು, "ಸೋಂಬೇರಿ ಮುಂಡೇದೇ" ಎಂದು ಬೈದೂ ಬೈದಳು. ಆ ಬೈಗುಳ ಕೇಳಿ ಇಬ್ಬರಿಗೂ ನಗು ಬಂತು. ಆ ತಿಂಗಳು ಕಳೆಯುವಷ್ಟರಲ್ಲಿ ಅಮ್ಮ ಹೋದಳು.

ಮರುವರ್ಷ ಪಾಸಾದೆ, ಒಳ್ಳೆಯ ಅಂಕದಲ್ಲೇ. ತೋಟಕ್ಕೆ ಹೋಗಿ ಅಪ್ಪನಿಗೆ ಹೇಳಿದೆ. "ಒಳ್ಳೇದಾಯ್ತಮ್ಮ" ಎಂದು ಟವೆಲಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಸೊಪ್ಪು ಕಡಿಯಲು ಬಗ್ಗಿದ. ಮನೆಗೆ ಬಂದೆ. ಬಾಯಲ್ಲಿ ಸುದ್ದಿ ಇದೆ, ಹೇಳಲು ಜನವಿಲ್ಲ. ಪಾಸಾಗುವುದು ಅಷ್ಟೊಂದು ಸಪ್ಪೆ ಎಂದು ನನಗೆ ಗೊತ್ತಿರಲಿಲ್ಲ.

ಮೊನ್ನೆ ನಾನು ಪಾಠ ಹೇಳುವ ಕಾಲೇಜಿನಲ್ಲಿ, ಸಾದಲಿ ಕಡೆಯ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಇಡೀ ವರ್ಷ ಅರ್ಧದಷ್ಟು ಕ್ಲಾಸಿಗೂ ಬಂದವಳಲ್ಲ. "ಮೇಡಂ, ಕೆಮಿಸ್ಟ್ರಿ ಬಿಟ್ಬಿಡ್ಲಾ, ಇಲ್ಲ ಬರ್ದು ಫೇಲಾಗ್ಲಾ?" ಇಷ್ಟು ವರ್ಷ ಈ ಪ್ರಶ್ನೆಗೆ, ಕಣ್ಣು ಮುಚ್ಚಿಕೊಂಡು ಬರಿ ಎಂದೇ ಎಲ್ಲರಿಗೂ ಹೇಳುತ್ತಿದ್ದೆ. ಅಂದು ಯಾಕೋ ಬೇರೆ ಮಾತು ಬಂತು.

"ಮನೇಲಿ ರಿಸಲ್ಟ್ ಕೇಳೋರು ಯಾರಿದ್ದಾರಮ್ಮ?"

"ಅಮ್ಮ ಇದ್ರು ಮೇಡಂ," ಎಂದು ಅವಳು ದುಪಟ್ಟದ ತುದಿ ಹಿಂಡಿದಳು. "ಹೋದ ತಿಂಗ್ಳು ಹೋದ್ರು."

ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿದೆ.

"ಹಾಗಾದ್ರೆ ಅವಸರ ಏನಿಲ್ಲ, ಈ ಸಲ ಬಿಡು. ಮುಂದಿನ ವರ್ಷ ಬರಿ. ಪಾಸಾದ ದಿನ ಸೀದಾ ಮನೆಗೆ ಹೋಗ್ಬೇಡ. ಮೊದ್ಲು ಬಂದು ನನಗೆ ಹೇಳು."