ಅಮಿನಾತಾಳ ಹೆಸರಿನ ಮೇಲೆ ಕೆಂಪು ಗೀಟು

ಟಾರ್ನೀಟ್‌ನಲ್ಲಿ ನಾವು ಈಗಿರುವ ಮನೆಯ ಹತ್ತಿರದ ಆಫ್ರಿಕನ್ ಅಂಗಡಿಯ ಬಾಗಿಲು ತಳ್ಳಿದರೆ ತಾಳೆಎಣ್ಣೆಯ ವಾಸನೆ ಮುಖಕ್ಕೆ ಬಡಿಯುತ್ತದೆ. ನಾನು ಅಲ್ಲಿ ಏನನ್ನೂ ಕೊಳ್ಳುವುದಿಲ್ಲ, ಸುಮ್ಮನೆ ಒಂದು ಗಳಿಗೆ ನಿಂತು ಬರುತ್ತೇನೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ನನಗೆ ಅದು ಅಮಿನಾತಾಳ ಕೈಗಳ ವಾಸನೆ. ಪಶ್ಚಿಮ ಆಫ್ರಿಕಾದ ಒಂದು ಪುಟ್ಟ ಊರಿನ ಹೈಸ್ಕೂಲಿಗೆ ಅಪ್ಪ ಮೈಸೂರಿನಿಂದ ಗಣಿತದ ಮೇಷ್ಟರಾಗಿ ಹೋಗಿದ್ದರು. ಅವರ ಕ್ಲಾಸಿನ ಅಮಿನಾತಾ, ತಡವಾಗಿ ಶಾಲೆ ಸೇರಿದ್ದ ಇಪ್ಪತ್ತರ ಹುಡುಗಿ, ಸಂಜೆ ನಮ್ಮ ಮನೆಗೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದಳು. ಲೆಕ್ಕ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು, ನನ್ನ ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ ಹತ್ತಾರು ಸಣ್ಣ ಜಡೆ ಹೆಣೆಯುತ್ತಿದ್ದಳು. ಅಮ್ಮ ಮಾಡಿದ ಬಿಸಿಬೇಳೆಬಾತನ್ನು ಬೆವರುತ್ತಾ ತಿನ್ನುತ್ತಿದ್ದಳು. ಎಂಟು ವರ್ಷದ ನನಗೆ ಅವಳಷ್ಟು ಇಷ್ಟದವರು ಬೇರೆ ಯಾರೂ ಇರಲಿಲ್ಲ, ಅಣ್ಣನಂತೂ ಅಲ್ಲವೇ ಅಲ್ಲ.

ಒಮ್ಮೆ ಅವಳು ಬರುವುದೇ ನಿಂತುಹೋಯಿತು. ಹತ್ತು ದಿನ ಹೇಳದೆ ಕೇಳದೆ ತಪ್ಪಿಸಿಕೊಂಡವರ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಬೇಕೆಂಬುದು ಶಾಲೆಯ ನಿಯಮ. ಬೇರೆ ಮೇಷ್ಟರುಗಳು ಕಂಡೂ ಕಾಣದಂತೆ ಇದ್ದುಬಿಡುತ್ತಿದ್ದರು. ಅಪ್ಪ ಕಟ್ಟುನಿಟ್ಟಿನ ಮನುಷ್ಯ, ಊಟದ ಮೇಜಿನ ಮೇಲೆ ಸ್ಕೇಲಿಟ್ಟು ಕೆಂಪು ಗೀಟು ಎಳೆದರು. ನಾನು ಪಕ್ಕದಲ್ಲೇ ಇದ್ದೆ. ಹೆಸರಿಲ್ಲದವರಿಗೆ ಪರೀಕ್ಷೆಯಿಲ್ಲ. ಅವಳ ತಮ್ಮನನ್ನು ಸರ್ಕಾರದ ಸೈನಿಕರು ಹಿಡಿದೊಯ್ದಿದ್ದರು, ಅವನನ್ನು ಹುಡುಕುತ್ತಾ ಅವಳು ಶಿಬಿರದಿಂದ ಶಿಬಿರಕ್ಕೆ ಅಲೆಯುತ್ತಿದ್ದಳು ಎಂದು ಗೊತ್ತಾದದ್ದು ಆಮೇಲೆ. ಮರುವರ್ಷ ಬಂಡುಕೋರರು ಊರಿಗೆ ನುಗ್ಗಿದ ಮಧ್ಯಾಹ್ನ ನಮ್ಮ ಬಾಗಿಲಲ್ಲಿ ನಿಂತಿದ್ದವಳು ಅವಳೇ, ಹೆಗಲಲ್ಲಿ ಬಂದೂಕು. ಲಾರಿ ಇದೆ, ಈಗಲೇ ಹೊರಡಿ ಸರ್ ಎಂದಳು. ನಮ್ಮನ್ನು ಹತ್ತಿಸಿ, ತಿರುಗಿ ನೋಡದೆ ಹೋದಳು. ಆ ಮನೆ ಸುಟ್ಟುಹೋಯಿತಂತೆ. ಅವಳು ಬದುಕಿದಳೋ ಇಲ್ಲವೋ, ತಿಳಿಯಲೇ ಇಲ್ಲ.

ಹೋದ ವಾರ ಮಗಳಿಗೆ ಸ್ಕೂಲಿನಲ್ಲಿ ಅಸೈನ್‌ಮೆಂಟ್ ಕೊಟ್ಟರು: ಆ ದೇಶದ ಜನ ಬಂದೂಕು ಹಿಡಿಯಲು ಕಾರಣಗಳೇನು? "ಅಮ್ಮಾ, ಯು ಲಿವ್ಡ್ ದೇರ್" ಎಂದು ಹಿಂದೆ ಬಿದ್ದಳು. ನನಗೆ ಅವತ್ತೂ ಅರ್ಥವಾಗಿರಲಿಲ್ಲ, ಇವತ್ತಿಗೂ ಆಗಿಲ್ಲ. ಸಿಡ್ನಿಯಲ್ಲಿ ಅಣ್ಣನ ಮನೆಯಲ್ಲಿರುವ ಅಪ್ಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಎಂಬತ್ತು ದಾಟಿದ ಅಪ್ಪ ಕ್ಲಾಸಿನಲ್ಲಿ ನೋಟ್ಸ್ ಬರೆಸುವಂತೆ ಶುರುಮಾಡಿದರು. "ಒಂದು, ಕುರ್ಚಿ ಬಿಟ್ಟು ಇಳೀದ ಅಧ್ಯಕ್ಷ. ಎರಡು, ವಜ್ರದ ಗಣಿ ಎಲ್ಲಾ ನಾಲ್ಕು ಜನರ ಕೈಲಿ. ಮೂರು, ಓದಿದೋರಿಗೆ ಕೆಲಸ ಇಲ್ಲ. ನಾಲ್ಕು, ಸೈನಿಕರ ಲೂಟಿ." ಕನ್ನಡ ಅರ್ಥವಾಗುವ ಮಗಳು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಂಡಳು. ಎಲ್ಲವೂ ನಿಜವೇ ಇರಬೇಕು. ಆದರೆ ಅಮಿನಾತಾ ಬಂಡುಕೋರರ ಜೊತೆ ಹೋದದ್ದು ತಮ್ಮನಿಗಾಗಿಯೋ, ಆ ಗೀಟಿನಿಂದಲೋ? ಗೀಟಿನಿಂದಲೇ ಆಗಿದ್ದರೆ ನಮ್ಮನ್ನು ಯಾಕೆ ಉಳಿಸಿದಳು? ಇಷ್ಟು ವರ್ಷ ಬಾಯಿ ಬಿಡದ ನಾನು ಕೇಳಿಯೇಬಿಟ್ಟೆ.

"ಅಪ್ಪಾ, ಅಮಿನಾತಾ?"

ಅತ್ತ ಅಪ್ಪ ಅಣ್ಣನ ಮನೆಯ ಟಿವಿ ಆರಿಸಿದರು.

"ಯಾಕೆ ಬರ್ತಿಲ್ಲ ಅಂತ ಅವಳ ಮನೆಗೆ ಹೋಗಿ ಕೇಳಬಹುದಿತ್ತು ಕಣೇ," ಎಂದರು ಅಪ್ಪ. "ಎರಡೇ ಬೀದಿ ಆಚೆ ಇತ್ತು."

ಮಗಳು ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ನನ್ನ ಮುಖ ನೋಡಿದಳು. "ಈಸ್ ದಟ್ ನಂಬರ್ ಫೈವ್?"