ಹುಳದ ಮನೆಯ ವಸಂತ ಪದ್ಯ

ದಿಬ್ಬೂರಹಳ್ಳಿಯಲ್ಲಿ ಬಸ್ಸಿಳಿದು ರೇಷ್ಮೆ ಸೊಪ್ಪಿನ ತೋಟಗಳ ನಡುವೆ ನಡೆದು ಹೋದರೆ ನಾನು ಪಾಠ ಹೇಳುತ್ತಿದ್ದ ಶಾಲೆ. ಐವತ್ತರ ದಶಕದ ಕೊನೆಯ ಮಾತು. ನಾನು ಚಿಕ್ಕಬಳ್ಳಾಪುರದ ಗುಮಾಸ್ತರೊಬ್ಬರ ಮಗಳು; ಸಿಟ್ಟು ಮೂಗಿನ ತುದಿಯಲ್ಲೇ, ತಲೆ ತುಂಬ ಪದ್ಯ. ಪಾಠದ ಪುಸ್ತಕದ ವಸಂತದಲ್ಲಿ ಕೋಗಿಲೆ, ಮಾವಿನ ಚಿಗುರು ಬಿಟ್ಟರೆ ಬೇರೇನೂ ಇರಲಿಲ್ಲ. ಓದಿ ಓದಿ ನನಗೆ ರೋಸಿಹೋಗಿತ್ತು. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಎರಡನೇ ತರಗತಿಯ ಮಕ್ಕಳಿಗೆ ಪುಸ್ತಕ ಮುಚ್ಚಲು ಹೇಳಿ, ಈಗ ನಿಮ್ಮ ಮನೆಯಲ್ಲಿ ಏನಿದೆಯೋ ಅದನ್ನೇ ಪದ್ಯ ಮಾಡಿ ಅಂದೆ.

ಮೂಲೆಯಲ್ಲಿ ಕೂರುತ್ತಿದ್ದ, ಬಾಯೇ ಬಿಡದ ಒಂದು ಹುಡುಗಿ ಎದ್ದು ನಿಂತಳು.

ಹೊರಗೆ ಬಿಸಿಲು,
ನಮ್ಮನೆ ಒಳಗೆ ಮಳೆ.
ಹುಳ ಸೊಪ್ಪು ತಿನ್ನೋ ಸದ್ದು.
ಒಂದೊಂದೂ ನನ್ನ ಬೆರಳಷ್ಟು ದಪ್ಪ.

ನನಗೆ ಮೈ ಜುಮ್ಮೆಂದಿತು. ಹಲಗೆಯ ಮೇಲೆ ಬರೆದು, ಇಡೀ ತರಗತಿಯಿಂದ ಗಟ್ಟಿಯಾಗಿ ಹೇಳಿಸಿದೆ. ಸಾಲದೆಂದು ಮತ್ತೆ ಹೇಳಿಸಿದೆ. ಬೀದಿಯಲ್ಲಿ ಹೋಗುವವರೆಲ್ಲ ನಿಂತು ಕೇಳಿದರು.

ಮಧ್ಯಾಹ್ನಕ್ಕೆ ಹುಡುಗಿಯ ಅಜ್ಜಿ ಬಂದು ಬಾಗಿಲಲ್ಲಿ ನಿಂತರು. ಆ ಮನೆಯ ರೇಷ್ಮೆಹುಳ ಸಾಕಣೆಯೆಲ್ಲ ಅವರದೇ. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೂಡು ಕಟ್ಟುವ ತನಕ ಹುಳ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಲೂ ಬಾರದು, ಯಾರು ಕೇಳಿದರೂ ‘ಅಷ್ಟೇನೂ ಚೆನ್ನಾಗಿಲ್ಲ’ ಅನ್ನಬೇಕು ಎಂಬುದು ಗೊತ್ತಿರಲಿಲ್ಲ. ನಾನೋ ಹುಳ ಬೆರಳಷ್ಟು ದಪ್ಪ ಎಂದು ಊರಿಗೆಲ್ಲ ಡಂಗುರ ಹೊಡೆಸಿದ್ದೆ.

"ದಿಷ್ಟಿ ತಗುಲಿ ಹುಳ ಕೆಟ್ರೆ ಈ ಮಗೀನ ಇನ್ನ ಇಸ್ಕೂಲಿಗೆ ಕಳ್ಸಲ್ಲ ಕಣಮ್ಮ" ಎಂದರು. ಅವರು ಕಿರುಚಿದ್ದರೆ ನಾನೂ ಕಿರುಚುತ್ತಿದ್ದೆ. ಅವರು ದನಿಯನ್ನೇ ಎತ್ತಲಿಲ್ಲ.

ದೃಷ್ಟಿ ಗಿಷ್ಟಿ ಎಲ್ಲ ಸುಳ್ಳು ಎನ್ನುವ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿ, ಹುಳ ಸಣಕಲು ಅಂತ ಒಂದು ಸಾಲು ಸೇರಿಸು ಎಂದು ಹುಡುಗಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ಸುಳ್ಳು ಹೇಳಬಾರದು ಅಂತ ನೀವೇ ಹೇಳಿದ್ದಿರಲ್ಲ ಎಂದಳು. ಆಮೇಲೆ ತಾನೇ ಸೀಮೆಸುಣ್ಣ ತೆಗೆದುಕೊಂಡು, ಪದ್ಯದ ಕೆಳಗೆ ಸೊಟ್ಟಪಟ್ಟ ಅಕ್ಷರದಲ್ಲಿ ‘ಅಷ್ಟೇನೂ ಚೆನ್ನಾಗಿಲ್ಲ’ ಎಂದು ಬರೆದಳು. ಅದು ಸುಳ್ಳಲ್ಲವಂತೆ, ಎಲ್ಲರೂ ಹಾಗೇ ಅನ್ನುತ್ತಾರಂತೆ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ. ಅಜ್ಜಿ ಅದನ್ನು ಓದಿಸಿ ಕೇಳಿದರು, ಆದರೂ ಮೊಮ್ಮಗಳ ಕೈ ಹಿಡಿದುಕೊಂಡು ಹೊರಟೇಬಿಟ್ಟರು.

ಮಾರನೆಯ ದಿನ ಅವಳು ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಸಂಜೆ ಬಸ್ಸಿಗೆ ಹೋಗುವಾಗ ಬೇಕೆಂದೇ ಅವರ ಮನೆಯ ಹಿಂದಿನಿಂದ ಹಾದು ಗೋಡೆಗೆ ಕಿವಿ ಕೊಡುತ್ತಿದ್ದೆ. ಒಳಗೆ ಮಳೆ ಸುರಿಯುತ್ತಲೇ ಇರುತ್ತಿತ್ತು. ದೃಷ್ಟಿಯನ್ನು ನಂಬದ ನಾನು, ದೇವರೇ ಈ ಸದ್ದು ನಿಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಒಂದು ಸಂಜೆ ಸದ್ದು ನಿಂತಿತ್ತು.

ಹುಳವೆಲ್ಲ ಸತ್ತವೆಂದೇ ಅಂದುಕೊಂಡೆ. ಆ ಹುಡುಗಿ ಇನ್ನು ದನ ಕಾಯುವುದೋ ಸೊಪ್ಪು ಕುಯ್ಯುವುದೋ ಎಂದು ನೆನೆದು ಅಳು ಬಂತು. ಗೋಡೆ ಸುತ್ತಿ ಮುಂದೆ ಬಂದರೆ, ಅಜ್ಜಿ ಅಂಗಳದಲ್ಲಿ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗಳನ್ನು, ಆ ಚಂದ್ರಿಕೆಗಳನ್ನು, ಸಾಲಾಗಿ ಒರಗಿಸುತ್ತಿದ್ದರು. ಹುಡುಗಿ ಹಣ್ಣಾದ ಹುಳಗಳನ್ನು ಹೆಕ್ಕಿ ಹೆಕ್ಕಿ ಅವುಗಳ ಮೇಲೆ ಬಿಡುತ್ತಿದ್ದಳು. ಗೂಡು ಕಟ್ಟುವ ಹೊತ್ತಿಗೆ ಹುಳ ತಿನ್ನುವುದನ್ನು ಬಿಡುತ್ತದೆ. ಸದ್ದು ನಿಂತದ್ದು ಅದಕ್ಕೆ. ಹೇಗಿದೆ ಬೆಳೆ ಎಂದು ಕೇಳುವ ತಪ್ಪನ್ನು ಈ ಸಲ ನಾನು ಮಾಡಲಿಲ್ಲ.

ಗೂಡು ಶಿಡ್ಲಘಟ್ಟದ ಪೇಟೆಗೆ ಹೋದ ಮರುದಿನ ಹುಡುಗಿ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದು ತನ್ನ ಮೂಲೆಯಲ್ಲಿ ಕೂತಳು. ಆಮೇಲೆ ಮಳೆಗಾಲದ ಪದ್ಯ ಮಾಡಿಸಿದಾಗ ರಾಗಿಯ ಬಗ್ಗೆ, ಎಮ್ಮೆಯ ಬಗ್ಗೆ ಹೇಳಿದ ಮಕ್ಕಳೆಲ್ಲ ಕೊನೆಗೆ ‘ಅಷ್ಟೇನೂ ಚೆನ್ನಾಗಿಲ್ಲ’ ಎಂದು ಸೇರಿಸಿಯೇ ಕೂತರು.

ಕೆಲವು ವರ್ಷಗಳ ಮೇಲೆ ನನಗೆ ಗೌರಿಬಿದನೂರಿಗೆ ವರ್ಗವಾಯಿತು. ಬಸ್ಸು ಹತ್ತಿಸಲು ಅಜ್ಜಿಯೂ ಬಂದಿದ್ದರು. ಕಂಡಕ್ಟರಿಗೆ ನನ್ನನ್ನು ತೋರಿಸಿ ಹೇಳಿದರು:

"ಹುಷಾರಾಗಿ ಇಳಿಸಪ್ಪ, ನಮ್ಮ ಟೀಚರಮ್ಮ. ಅಷ್ಟೇನೂ ಚೆನ್ನಾಗಿ ಪಾಠ ಹೇಳಲ್ಲ."